ನಡುಕೋಣೆಯ ಮಾಳಿಗೆ

ಹರಿಹರದ ಹೊಳೆದಂಡೆಯಲ್ಲಿ ಹುಟ್ಟಿದವಳಿಗೆ ಮಳೆಯ ಹೆದರಿಕೆ ಎಲ್ಲಿಂದ ಬರಬೇಕು ಎಂದು ನಮ್ಮ ತೌರಿನ ಓಣಿಯವರು ನನ್ನನ್ನು ಚುಡಾಯಿಸುತ್ತಿದ್ದರು. ಹೊಳೆಯ ಹೆದರಿಕೆ ನನಗೆ ನಿಜವಾಗಿಯೂ ಇರಲಿಲ್ಲ. ಹೊಳೆ ಏರುವುದು ಕಣ್ಣಿಗೆ ಕಾಣುತ್ತದೆ. ಗಂಟುಮೂಟೆ ಕಟ್ಟಿಕೊಂಡು ಎತ್ತರದ ಕಡೆ ಹೋದರಾಯಿತು. ಮಳೆಗೆ ಹೆದರುವುದನ್ನು ನಾನು ಕಲಿತದ್ದು ಮದುವೆಯಾಗಿ ದಾವಣಗೆರೆಯ ಹಳೇ ಪೇಟೆಗೆ ಬಂದ ಮೇಲೆ. ಐವತ್ತರ ದಶಕದ ಕೊನೆಯ ಮಾತು.

ಪೇಟೆಯ ಮನೆಗಳೆಲ್ಲ ಆಗ ಮಣ್ಣಿನ ಮಾಳಿಗೆಯವು. ತೊಲೆ, ತೊಲೆಯ ಮೇಲೆ ಜಂತಿ, ಜಂತಿಯ ಮೇಲೆ ಕಡ್ಡಿ ಸೊಪ್ಪು, ಅದರ ಮೇಲೆ ದಪ್ಪನೆಯ ಮಣ್ಣು. ಇಂಥ ಮನೆಯನ್ನು ಒಂದು ಸಲ ಕಟ್ಟಿ ಮರೆಯುವ ಹಾಗಿಲ್ಲ. ಪ್ರತಿ ವರ್ಷ ಮಳೆಗಾಲಕ್ಕೆ ಮುಂಚೆ ಮೇಲೆ ಹತ್ತಿ, ಹುಲ್ಲು ಕಿತ್ತು, ಇಲಿಬಿಲ ಮುಚ್ಚಿ, ಊರಾಚೆಯಿಂದ ತಂದ ಚೌಳು ಮಣ್ಣು ಹರಡಿ, ನೀರು ಚಿಮುಕಿಸಿ ಬಡಿಯಬೇಕು. ಚೌಳು ಮಣ್ಣು ನೆನೆದರೆ ಬಿಗಿದುಕೊಂಡು ಕೂರುತ್ತದೆ, ಕೆಳಗೆ ಹನಿ ಬಿಡುವುದಿಲ್ಲ. ಹಾಕದೆ ಬಿಟ್ಟರೆ ಮಾಳಿಗೆ ನೀರು ಕುಡಿದು ಕುಡಿದು ಭಾರವಾಗಿ ಒಂದು ದಿನ ಕುಸಿಯುತ್ತದೆ. ದಡದಡ ಹೊಯ್ದು ಹೋಗುವ ಮಳೆಯನ್ನು ಅದು ಹೇಗೋ ತಡೆದುಕೊಳ್ಳುತ್ತದೆ. ತಡೆಯಲಾಗದ್ದು ಜಡಿ. ಬಿಸಿಲಿನ ಮುಖ ತೋರಿಸದೆ, ಥಂಡಿ ಗಾಳಿ ಕಟ್ಟಿಕೊಂಡು, ವಾರಗಟ್ಟಲೆ ಹಿಡಿದು ಕೂರುವ ಮಳೆ ಅದು.

ನಾನು ಸೊಸೆಯಾಗಿ ಬರುವ ಹೊತ್ತಿಗೆ ನಮ್ಮ ಮನೆ ಮೂರು ತುಂಡಾಗಿತ್ತು. ಮಾವ ತೀರಿಕೊಂಡ ವರ್ಷವೇ ಅಣ್ಣತಮ್ಮಂದಿರು ಪಾಲಾಗಿದ್ದರು. ಎಡಗಡೆಯದು ಭಾವನವರಿಗೆ, ಬಲಗಡೆಯದು ನಮ್ಮವರಿಗೆ. ನಡುವಿನ ಒಂದೇ ಒಂದು ಕೋಣೆ ಅತ್ತೆಗೆ. ಪಾಲು ಮಾಡಿಸಿದ ಹಿರಿಯರು, ತಾಯಿ ಇರುವ ತನಕ ನಡುಕೋಣೆ ತಾಯಿಯದು, ಆಮೇಲೆ ಇಬ್ಬರಿಗೂ ಅರ್ಧ ಅರ್ಧ ಎಂದು ಹೇಳಿ, ವೀಳ್ಯ ತೆಗೆದುಕೊಂಡು ಹೋಗಿದ್ದರಂತೆ. ಮಕ್ಕಳು ತಡಮಾಡದೆ ಆ ಕೋಣೆಯಿಂದ ತಮ್ಮ ತಮ್ಮ ಮನೆಗಿದ್ದ ಬಾಗಿಲುಗಳನ್ನು ಇಟ್ಟಿಗೆ ಇಟ್ಟು ಮುಚ್ಚಿಸಿದರು. ಅತ್ತೆಗೆ ಉಳಿದದ್ದು ಓಣಿಯ ಕಡೆಗಿನ ಬಾಗಿಲು ಮಾತ್ರ. ಒಂದು ತಿಂಗಳು ಅವರ ಮನೆಯಲ್ಲಿ ಊಟ, ಒಂದು ತಿಂಗಳು ನಮ್ಮ ಮನೆಯಲ್ಲಿ. ಹೆತ್ತ ಮಕ್ಕಳ ಮನೆಗೆ ಓಣಿಗಿಳಿದು, ನೆಂಟರ ಹಾಗೆ ಬಾಗಿಲಲ್ಲಿ ನಿಂತು ಬರುತ್ತಿದ್ದರು.

ಊಟಕ್ಕೆ ಸರದಿ ಆಯಿತು. ಮಾಳಿಗೆಗೆ? ಎಲ್ಲ ಕೆಟ್ಟದ್ದು ಅಲ್ಲಿಯೇ. ನಮ್ಮ ಕಡೆ ಮಾಳಿಗೆಗೆ ಮಣ್ಣು ಹಾಕಿಸಿದವನೇ ಮನೆಯ ಒಡೆಯ. ಜಗಳ ಪಂಚಾಯ್ತಿಗೆ ಬಂದರೆ ಹಿರಿಯರು ಮೊದಲು ಕೇಳುವುದೇ, ಮಳೆಗಾಲಕ್ಕೆ ಮಣ್ಣು ಹಾಕಿಸುತ್ತಿದ್ದವರು ಯಾರು ಎಂದು. ಹೀಗಾಗಿ ನಡುಕೋಣೆಗೆ ತಮ್ಮ ಮಣ್ಣು ಹಾಕಿಸಿದರೆ ಕೋಣೆ ಹೊಡೆದುಕೊಂಡಾನು ಎಂದು ಅಣ್ಣನಿಗೆ ಸಂಶಯ. ಅಣ್ಣ ಹಾಕಿಸಿದರೆ ತಮ್ಮನಿಗೆ ಹೊಟ್ಟೆಯಲ್ಲಿ ಬೆಂಕಿ. ಇಬ್ಬರೂ ಒಂದೇ ದಿನ, ಒಟ್ಟಿಗೆ ನಿಂತು ಹಾಕಿಸಬೇಕು ಎಂದು ಹಿರಿಯರೇ ಕಟ್ಟು ಮಾಡಿದ್ದರು. ಮೊದಲ ವರ್ಷ ಇಬ್ಬರೂ ಮುಖ ಊದಿಸಿಕೊಂಡು ಹಾಗೇ ಮಾಡಿದರಂತೆ. ಎರಡನೆಯ ವರ್ಷ, ಅವನು ಬಂದು ಕರೆಯಲಿ ಎಂದು ಇವರು, ಇವನು ಬಂದು ಕರೆಯಲಿ ಎಂದು ಅವರು. ಕಾಯುತ್ತಾ ಮಳೆಗಾಲವೇ ಮುಗಿಯಿತು. ಆ ವರ್ಷ ಮಳೆ ಕಡಿಮೆ, ಮಾಳಿಗೆ ಹೇಗೋ ಉಳಿಯಿತು. ಮೂರನೆಯ ವರ್ಷ ನಾನು ಬಂದೆ.

ಆ ಬೇಸಿಗೆಯಲ್ಲಿ ಅತ್ತೆ ಕಾದು ಕಾದು ಬೇಸತ್ತು, ಯಾರಿಗೂ ಹೇಳದೆ ತಾವೇ ಒಬ್ಬ ಮಣ್ಣಿನವನನ್ನು ಕರೆಸಿದರು. ಅವನು ಕತ್ತೆಗಳ ಮೇಲೆ ಚೌಳು ಮಣ್ಣು ಹೇರಿಕೊಂಡು ಬಂದು, ಏಣಿ ಹಾಕಿ, ಮೊದಲ ಬುಟ್ಟಿ ಹೊತ್ತು ಮೇಲೆ ಹತ್ತಿದ್ದನಷ್ಟೆ. ಭಾವನವರು ಅತ್ತಲಿಂದ ಬಂದು, ನಿನ್ನನ್ನು ಕರೆಸಿದ್ದು ಯಾರು, ನನ್ನ ತಮ್ಮನಾ ಎಂದರು. ನಮ್ಮವರು ಇತ್ತಲಿಂದ ಬಂದು, ನಮ್ಮಣ್ಣನಾ ಎಂದರು. ಕರೆಸಿದ್ದು ನಾನು ಎಂದು ಅತ್ತೆ ಹೇಳಿದ್ದನ್ನು ಇಬ್ಬರೂ ನಂಬಲಿಲ್ಲ. ಹೆಂಗಸಿಗೆ ಇಷ್ಟು ಧೈರ್ಯ ಕೊಟ್ಟವರು ಯಾರೋ ಇರಬೇಕು ಎಂಬ ಲೆಕ್ಕ. ಪಾಲಾದ ಮೇಲೆ ಅಣ್ಣತಮ್ಮಂದಿರು ಒಂದೇ ಮಾತಿಗೆ ಬಂದದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಇಬ್ಬರೂ ಸೇರಿ ಅವನನ್ನು ಕೆಳಗಿಳಿಸಿದರು. ನಿಮ್ಮ ನಡುವೆ ನನ್ನನ್ನು ಯಾಕೆ ಸಿಕ್ಕಿಸುತ್ತೀರಿ ಎಂದು ಗೊಣಗಿ ಅವನು ಕತ್ತೆ ಹೊಡೆದುಕೊಂಡು ಹೋದ. ಅತ್ತೆ ಬಾಗಿಲಲ್ಲಿ ನಿಂತು ಅವನು ಓಣಿ ತಿರುಗುವ ತನಕ ನೋಡಿದರು.

ನಾನು ಹೊಸಬಳು, ಬಾಯಿ ಮಾತ್ರ ಹಳೆಯದು. ಎರಡು ಬುಟ್ಟಿ ನಾನೇ ಹೊತ್ತು ಹಾಕುತ್ತೇನೆ, ಹೆಂಗಸು ಹಾಕಿದ ಮಣ್ಣಿಗೆ ಯಾವ ಪಂಚಾಯ್ತಿ ಎಂದು ನಮ್ಮವರಿಗೆ ಹೇಳಿದೆ. ಅವರು ಸಿಟ್ಟಾಗಲಿಲ್ಲ. ಮಿಲ್ಲಿಗೆ ಹೊರಟು ನಿಂತವರು, ತೀರಾ ಸಮಾಧಾನದಿಂದ ಹೇಳಿದರು.

"ನೀ ಏಣಿ ಮುಟ್ಟಿದ್ರ ಸೀದಾ ಹರಿಹರದ ಗಾಡಿ ಹತ್ತು. ನಾ ಕರಿಯಾಕ ಬರಾದಿಲ್ಲ."

ಅತ್ತೆಗೆ ಇದು ಹೇಗೆ ಗೊತ್ತಾಯಿತೋ. ಮಾರನೆಯ ದಿನ ರೊಟ್ಟಿ ಮುರಿಯುತ್ತಾ, ನನ್ನ ಮಾಳಿಗೆಗಾಗಿ ನಿನ್ನ ಬಾಳು ಕೆಡಿಸಿಕೊಳ್ಳಬೇಡ ಎಂದು ನನ್ನಿಂದ ಆಣೆ ಮಾಡಿಸಿಕೊಂಡರು. ಅಂಥವರ ಹೊಟ್ಟೆಯಲ್ಲಿ ಇಂಥವರು ಹೇಗೆ ಹುಟ್ಟಿದರು ಎಂದು ನನಗೆ ಇವತ್ತಿಗೂ ತಿಳಿದಿಲ್ಲ.

ಆಷಾಢದಲ್ಲಿ ನನ್ನ ತಮ್ಮ ಹರಿಹರದಿಂದ ರೈಲಿನಲ್ಲಿ ಬಂದ. ಹೊಳೆ ಕೆಂಪಾಗಿ ತುಂಬಿ ಬರುತ್ತಿದೆ, ಸ್ನಾನದ ಮೆಟ್ಟಿಲುಗಳು ಆಗಲೇ ಮುಳುಗಿವೆ, ಘಟ್ಟದ ಕಡೆ ಮಳೆ ಬಿಟ್ಟೇ ಇಲ್ಲವಂತೆ ಎಂದ. ಹೊಳೆ ಹಾಗೆ ಬಂದಾಗ ಹಿಂದೆಯೇ ನಮ್ಮ ಕಡೆಗೂ ಜಡಿ ಬರುವುದನ್ನು ಎಲ್ಲರೂ ಕಂಡಿದ್ದರು. ಅವನ ಬಾಯಿಯ ಸುದ್ದಿ ಓಣಿಯಲ್ಲೆಲ್ಲ ಹರಡಿ, ಎಲ್ಲರ ಮನೆಯಲ್ಲಿಯೂ ಗಡಿಬಿಡಿ ಶುರುವಾಯಿತು.

ಜಡಿಗೆ ಮನೆ ಸಜ್ಜು ಮಾಡುವುದೆಂದರೆ ಒಂದು ಮದುವೆಯಷ್ಟು ಕೆಲಸ. ಜೋಳವನ್ನು ಮುಂಚಿತವಾಗಿ ಬೀಸಿಸಿ ಇಡಬೇಕು. ಉರುವಲಿನ ಸಗಣಿ ಕುಳ್ಳು, ಹತ್ತಿಕಟ್ಟಿಗೆ ಎಲ್ಲವನ್ನೂ ಹಿತ್ತಿಲಿನಿಂದ ಒಳಗೆ ಒಟ್ಟಬೇಕು. ಉಪ್ಪಿನ ಗಡಿಗೆಯನ್ನು ಒಲೆಯ ಪಕ್ಕಕ್ಕೆ ಸರಿಸಬೇಕು. ಬೆಂಕಿಪೊಟ್ಟಣಗಳನ್ನು ಜೋಳ ತುಂಬಿದ ಮಣ್ಣಿನ ವಾಡೆಯೊಳಗೆ ಹುಗಿದಿಟ್ಟರೆ ಥಂಡಿ ತಾಗುವುದಿಲ್ಲ. ಬೆಳಕಿಗೆಂದು ಮಾಳಿಗೆಯಲ್ಲಿ ಬಿಟ್ಟ ಗವಾಕ್ಷಿಗಳ ಮೇಲೆ ಕಲ್ಲು ಮುಚ್ಚಿ ಸುತ್ತ ಮಣ್ಣು ಮೆತ್ತಬೇಕು. ಚಟ್ನಿಪುಡಿ, ಸೀಮೆಎಣ್ಣೆ, ಕಂಬಳಿ, ಗೋಣಿಚೀಲದ ಕೊಪ್ಪೆ. ನಾನು ಎಲ್ಲದರಲ್ಲಿಯೂ ಎರಡು ಪಾಲು ಮಾಡಿ ಒಂದನ್ನು ಅತ್ತೆಯ ಕೋಣೆಗೆ ಸಾಗಿಸಿದೆ. ಕುಳ್ಳು ಒಟ್ಟಲು ಮೂಲೆ ಹುಡುಕುತ್ತಾ ತಲೆ ಎತ್ತಿ ನೋಡಿದರೆ, ಜಂತಿಯೊಂದು ನಡುವೆ ಬಾಗಿತ್ತು. ಅತ್ತೆ ನಾನು ನೋಡಿದ್ದನ್ನು ನೋಡಿ, ಕುಳ್ಳು ಈ ಕಡೆ ಇಡು ಎಂದರು.

ನಾನು ಹೊರಗೆ ಬಂದು ಏಣಿ ಮುಟ್ಟದೆ ಓಣಿಯ ನಡುವೆ ನಿಂತು, ಜಂತಿ ಬಾಗಿದೆ ಎಂದು ಇಬ್ಬರಿಗೂ ಕೇಳುವ ಹಾಗೆ ಹೇಳಿದೆ. ಅವತ್ತು ಅಣ್ಣತಮ್ಮಂದಿರಿಬ್ಬರೂ ಮೇಲೆಯೇ ಇದ್ದರು. ಮೊದಲೇ ಮಣ್ಣು ಹಾಕಿಸಿದ್ದರೂ, ಹೊಳೆಯ ಸುದ್ದಿ ಕೇಳಿ ಎರಡನೆಯ ಪದರ ಬಡಿಯುತ್ತಿದ್ದರು. ಒಬ್ಬರಿಗೊಬ್ಬರು ಬೆನ್ನು ಹಾಕಿ, ಅವರದು ಅವರು, ಇವರದು ಇವರು. ನಡುವೆ ಅತ್ತೆಯ ತಲೆಯ ಮೇಲಿನ ಜಾಗದಲ್ಲಿ ಮೊಣಕಾಲುದ್ದ ಹುಲ್ಲು ಬೆಳೆದು ಗಾಳಿಗೆ ತೂಗುತ್ತಿತ್ತು. ಅಲ್ಲಿಗೆ ಒಂದು ಬುಟ್ಟಿ ಚೆಲ್ಲಲು ಇಬ್ಬರಿಗೂ ಕೈ ಚಾಚಿದರೆ ಸಾಕಿತ್ತು. ನಮ್ಮವರು ನನ್ನ ಕಡೆ ನೋಡಿ, ಅಣ್ಣ ಹೇಳಲಿ ಎಂದರು. ಭಾವನವರು ಬಡಿಯುವುದನ್ನು ನಿಲ್ಲಿಸಲೂ ಇಲ್ಲ.

ಜಡಿ ಹಿಡಿಯಿತು. ಓಣಿ ಕೆಸರಾಯಿತು, ಬಟ್ಟೆ ಒಣಗಲಿಲ್ಲ, ಗೋಡೆಗಳಿಂದ ಥಂಡಿ ಎದ್ದು ಎಲುಬಿನೊಳಗೆ ಇಳಿಯಿತು. ನಮ್ಮ ಮಾಳಿಗೆ ಒಂದು ಹನಿ ಬಿಡಲಿಲ್ಲ. ಭಾವನವರದೂ ಅಷ್ಟೆ. ಅಣ್ಣತಮ್ಮಂದಿರು ಅದರಲ್ಲಿ ಸಮ ಸಮ ಜಾಣರು. ಅತ್ತೆಯ ಕೋಣೆಯಲ್ಲಿ ಮೊದಲು ಒಂದು ಮೂಲೆ ಸೋರಿತು, ಆಮೇಲೆ ನಡುವೆ, ಆಮೇಲೆ ಎಲ್ಲ ಕಡೆ. ಅವರು ಮಂಚ ಎಳೆದಾಡಿ, ತಪ್ಪಲೆ ಪಾತ್ರೆ ಇಟ್ಟು, ಕೊನೆಗೆ ಗೋಣಿಕೊಪ್ಪೆ ಹೊದ್ದು ಬಾಗಿಲ ಹತ್ತಿರ ಕುಕ್ಕರಗಾಲಲ್ಲಿ ಕೂತರು. ನಮ್ಮ ಕಡೆಗೆ ಬನ್ನಿ ಎಂದು ನಾನು ಗೋಗರೆದೆ.

"ನಿಮ್ಮ ಕಡೀಗ್ ಬಂದ್ರ, ತಮ್ಮ ನಮ್ಮವ್ವನ್ನ ಹಾರಿಸ್ಕೊಂಡು ಹೋದ ಅಂತಾನ ದೊಡ್ಡಾವ. ಅವನ ಕಡೀಗ್ ಹೋದ್ರ ಇವ್ನು ಅಂತಾನ. ನಾ ಯಾರ ಕಡೀಗೂ ಬರಾದು ಬ್ಯಾಡವ್ವ."

ಕುಸಿದದ್ದು ಬೆಳಗಿನ ಹೊತ್ತು. ನಾನು ರೊಟ್ಟಿ ಬಡಿಯುತ್ತಿದ್ದೆ. ದೊಡ್ಡ ಸದ್ದೇನೂ ಆಗಲಿಲ್ಲ, ಮೂಟೆ ಇಳಿಸಿದ ಹಾಗೆ ದೊಪ್ಪೆಂದಿತು, ಗೋಡೆ ಅದುರಿತು. ಹೊರಗೆ ಓಡಿ ಬಂದರೆ ನಡುಕೋಣೆಯ ಬಾಗಿಲು ಓಣಿಗೆ ಬಿದ್ದಿತ್ತು. ಒಳಗೆ ಮಣ್ಣು, ಮುರಿದ ಜಂತಿ, ಆ ಹುಲ್ಲು. ಮಣ್ಣಿನ ಮೇಲೆ ಮಳೆ ನೆಟ್ಟಗೆ ಬೀಳುತ್ತಿತ್ತು. ನಾನು ಒಳಗೆ ನುಗ್ಗಿ ಎರಡೂ ಕೈಯಿಂದ ಕೆಸರು ಬಗೆಯತೊಡಗಿದೆ. ಅತ್ತೀ ಅತ್ತೀ ಎಂದು ಕೂಗುತ್ತಿದ್ದೆನಂತೆ, ನನಗೆ ನೆನಪಿಲ್ಲ.

ನನಗೆ ನೆನಪಿರುವುದು ನನ್ನ ಹಿಂದೆ ಕೇಳಿದ ಮಾತು. ಅಣ್ಣತಮ್ಮಂದಿರು ತಮ್ಮ ತಮ್ಮ ಬಾಗಿಲಿನಿಂದ ಬಂದು ನಿಂತಿದ್ದರು. ತಾಯಿ ಆ ಮಣ್ಣಿನಡಿ ಇದ್ದಾಳೆ ಎಂದು ನನ್ನ ಹಾಗೆಯೇ ಅವರೂ ತಿಳಿದಿದ್ದರು. ಇದನ್ನು ನಾನು ಒತ್ತಿ ಹೇಳಬೇಕು. ಹಾಗೆ ತಿಳಿದುಕೊಂಡೇ ಅವರು ನಿಂತಿದ್ದರು.

"ನೀ ಹಿರಿಯಾವ, ನೀ ಬಂದು ಕರೀಬೇಕಾಗಿತ್ತು," ಎಂದರು ನಮ್ಮವರು.

"ನಾ ಬಂದು ಕರದಿದ್ರ ಕ್ವಾಣಿ ನಂದು ಅಂತ ಹೊಂಟಾನ ಅಂತ ಊರ ತುಂಬ ಸಾರ್ತಿದ್ದಿ," ಎಂದರು ಭಾವನವರು.

ಭಾವನವರ ಹೆಂಡತಿ, ನನ್ನ ನೆಗೆಣ್ಣಿ, ತನ್ನ ಹೊಸ್ತಿಲಿನಲ್ಲಿ ನಿಂತು ಅಳುತ್ತಿದ್ದಳು, ಸೀರೆ ಕೆಸರಾಗದ ಹಾಗೆ ಎತ್ತಿ ಹಿಡಿದುಕೊಂಡು. ಎದುರು ಮನೆಯ ಸಾಬರು, ಹತ್ತಿ ಹಿಂಜಿ ಗಾದಿ ಹೊಲಿಯುವವರು, ಸಲಿಕೆ ಹಿಡಿದು ಓಡಿ ಬಂದು ನನ್ನ ಕಡೆ ಏನೋ ಕೂಗಿದರು. ನನಗೆ ಕೇಳಲಿಲ್ಲ. ಅವರು ಅಗೆಯದೆ ಸಲಿಕೆಯನ್ನು ಗೋಡೆಗೆ ಆನಿಸಿಟ್ಟಾಗ, ಇವರಿಗೂ ಏನು ಬಂತು ಎಂದು ತಿರುಗಿ ನೋಡಿದೆ. ಅವರ ಹಿಂದೆ ಓಣಿಯ ನಡುವೆ ಅತ್ತೆ ನಿಂತಿದ್ದರು. ಒದ್ದೆ ಸೀರೆ ಒಣಗಿಸಿಕೊಳ್ಳಲು ಸಾಬರ ಮನೆಯ ಒಲೆಯ ಮುಂದೆ ಹೆಂಗಸರ ಜೊತೆ ಕೂತಿದ್ದರಂತೆ, ಅದು ಸಾಬರಿಗೂ ಮೊದಲು ಗೊತ್ತಿರಲಿಲ್ಲ. ಸದ್ದು ಕೇಳಿ ಹೊರಗೆ ಬಂದು, ಎದುರಿನ ಜಗಲಿಯಿಂದ ಎಲ್ಲವನ್ನೂ ನೋಡಿದ್ದರು. ಎಲ್ಲವನ್ನೂ ಕೇಳಿದ್ದರು.

ಅವರು ಮಕ್ಕಳ ನಡುವೆ ಹಾದು, ಇಬ್ಬರ ಮುಖವನ್ನೂ ನೋಡದೆ, ನನ್ನ ಹತ್ತಿರ ಬಂದರು. "ಬಗೀಬ್ಯಾಡ ಬಿಡವ್ವ," ಎಂದರು. "ಅಲ್ಲಿ ಯಾರೂ ಇಲ್ಲ."

ಅವತ್ತೇ ಮಧ್ಯಾಹ್ನದ ಗಾಡಿಗೆ ಅತ್ತೆ ಹರಿಹರಕ್ಕೆ ಹೋದರು. ಅಲ್ಲಿ ಹೊಳೆಯ ಕಡೆಯ ಓಣಿಯಲ್ಲಿ ಅವರ ತಂಗಿ ಇದ್ದರು, ಗಂಡ ಇಲ್ಲ, ಮಕ್ಕಳಿಲ್ಲ, ನಾಡಹೆಂಚಿನ ಸಣ್ಣ ಮನೆ. ಮಳೆ ನಿಂತ ಮೇಲೆ ಭಾವನವರು ಒಂದು ದಿನ ಹೋಗಿ ಕರೆದರು. ನಮ್ಮವರು ಇನ್ನೊಂದು ದಿನ ಹೋಗಿ ಕರೆದರು. ತಾಯಿ ಯಾರ ಮನೆಯಲ್ಲಿರುತ್ತಾಳೋ ಪಂಚಾಯ್ತಿಯಲ್ಲಿ ಅವನ ಮಾತಿಗೆ ತೂಕ ಎಂದು ಇಬ್ಬರಿಗೂ ಗೊತ್ತಿತ್ತು. ಇಬ್ಬರೂ ಕೂಡಿ ಬನ್ನಿ, ಬರುತ್ತೇನೆ ಎಂದು ಅತ್ತೆ ಇಬ್ಬರಿಗೂ ಹೇಳಿ ಕಳಿಸಿದರು. ಕೂಡಿ ಹೋಗಲಿಲ್ಲ. ಅತ್ತೆ ಸಾಯುವ ತನಕ ಹೋಗಲಿಲ್ಲ.

ನಾನು ತೌರಿಗೆ ಹೋದಾಗಲೆಲ್ಲ ಅವರನ್ನು ನೋಡಿ ಬರುತ್ತಿದ್ದೆ. ಮಕ್ಕಳ ಸುದ್ದಿ ಅವರು ಎತ್ತುತ್ತಿರಲಿಲ್ಲ. ಒಂದು ಸಲ ಇಬ್ಬರೂ ಕೂತು ಅವರೆಕಾಯಿ ಸುಲಿಯುವಾಗ ನಾನು ತಡೆಯಲಾರದೆ ಕೇಳಿದೆ, ಅವತ್ತು ಮಾಳಿಗೆ ಬೀಳುತ್ತದೆಂದು ಗೊತ್ತಾಗಿಯೇ ಎದುರು ಮನೆಗೆ ಹೋಗಿದ್ದಿರಾ ಎಂದು.

ಅತ್ತೆ ಸುಲಿಯುವುದನ್ನು ನಿಲ್ಲಿಸಲಿಲ್ಲ. "ಮಾಳಿಗಿ ಬೀಳ್ತೈತಿ ಅಂತ ಗೊತ್ತಿತ್ತವ್ವ," ಎಂದರು. "ಇಬ್ರೂ ನಿಂತು ನೋಡ್ತಾರ ಅಂತ ಗೊತ್ತಿರ್ಲಿಲ್ಲ."

ಸಂಜೆಯ ಗಾಡಿಗೆ ದಾವಣಗೆರೆಗೆ ಬಂದು, ಅಡಿಗೆ ಮಾಡಿ, ನಮ್ಮವರಿಗೆ ಬಡಿಸುವಾಗ ಆ ಮಾತನ್ನು ಒಂದಕ್ಷರ ಬಿಡದೆ ಹೇಳಿದೆ. ಅವರ ಕೈ ತಾಟಿನಲ್ಲಿ ಒಂದು ಗಳಿಗೆ ನಿಂತಿತು. ಈಗ ಏನಾದರೂ ಹೇಳುತ್ತಾರೆ, ಎದ್ದು ಅಣ್ಣನ ಬಾಗಿಲಿಗೆ ಹೋಗುತ್ತಾರೆ ಎಂದು ಕಾದೆ. ಅವರು ಇನ್ನೊಂದು ಸೌಟು ಮಜ್ಜಿಗೆ ಕೇಳಿದರು. ಆಗ ನನಗೆ ಅವರ ಮೇಲೆ ಹುಟ್ಟಿದ ಹೇಸಿಗೆ, ಆಮೇಲೆ ಅವರ ಜೊತೆ ಒಂದು ಆಯುಷ್ಯ ಕಳೆದರೂ ಹೋಗಲಿಲ್ಲ. ಮಜ್ಜಿಗೆ ಹಾಕಿ ಒಳಗೆ ಹೋದೆ.