ನವಿಲಿಗೆ ನಲವತ್ತೆಂಟು ದಿನದ ಊಟ

ಇವತ್ತು ಬೆಳಿಗ್ಗೆ ನನ್ನ ಇಸ್ತ್ರಿ ಮಾಡಿದ ಬಿಳಿ ಅಂಗಿಯ ಹೆಗಲ ಮೇಲೆ ನೇರಳೆ ಹಣ್ಣೊಂದು ಬಿತ್ತು. ಕಲೆ ಹೋಗುವುದಿಲ್ಲ, ಬಿಡಿ. ಮರವನ್ನು ಬೈಯಲು ತಲೆಯೆತ್ತಿದವನಿಗೆ ಶಾರದಮ್ಮನವರು ನೆನಪಾದರು.

ಶಾರದಮ್ಮ ಎದುರುಮನೆಯವರು, ಸಸ್ಯಶಾಸ್ತ್ರ ಕಲಿಸಿ ನಿವೃತ್ತರಾದವರು. ಜ್ಞಾನಭಾರತಿ ಕ್ಯಾಂಪಸ್ಸಿನ ಕಾಡಿನ ಕಾಂಪೌಂಡಿಗೆ ಅಂಟಿಕೊಂಡ ನಮ್ಮ ಬೀದಿಗೆ ನೆರಳಿಲ್ಲವೆಂದು ನೇರಳೆ ಸಸಿ ನೆಟ್ಟರು. ನವಿಲುಗಳು ಕಾಂಪೌಂಡು ಹಾರಿ ಬಂದು ಚಿಗುರು ಮುಗಿಸಿದವು. ಎರಡನೆಯದಕ್ಕೂ ಅದೇ ಗತಿ. ಬೀದಿನಾಯಿಯಾದರೆ ಗದರಿಸಬಹುದು. ಇದು ರಾಷ್ಟ್ರಪಕ್ಷಿ, ಸಾಲದ್ದಕ್ಕೆ ಸುಬ್ರಹ್ಮಣ್ಯನ ವಾಹನ. ಕಲ್ಲೆಸೆದರೆ ಇಲ್ಲಿ ಜೈಲು, ಅಲ್ಲಿ ನರಕ.

“ನಂಗೆ ಎಪ್ಪತ್ತಾರು ಕಣ್ರೀ. ಇದೂ ಹೋದ್ರೆ ಇನ್ನೊಂದು ನೆಡೋ ಶಕ್ತಿ ಇಲ್ಲ” ಎಂದು ಮೂರನೆಯ ಸಸಿ ನೆಡುವಾಗ ಹೇಳಿದರು. ನಾನು ಎದೆಯುಬ್ಬಿಸಿ ಕಾವಲಿಗೆ ನಿಂತೆ. ಹಳೆಯ ಸೀಡಿಗಳನ್ನು ನೇತುಹಾಕಿದೆ. ನವಿಲುಗಳು ಅವುಗಳಲ್ಲಿ ಮುಖ ನೋಡಿಕೊಂಡು ಎಲೆ ತಿಂದವು.

ಇನ್ನೊಂದು ವಿಷಯ, ನಿಮಗೆ ಮಾತ್ರ. ಮಗಳ ಜಾತಕದಲ್ಲಿ ಕುಜದೋಷವಿದೆ, ನಲವತ್ತೆಂಟು ದಿನ ನವಿಲಿಗೆ ಅಕ್ಕಿ ಹಾಕಿ ಎಂದಿದ್ದರು ಜೋಯಿಸರು. ದಿನಾ ಬೆಳಿಗ್ಗೆ ತಾರಸಿಯಲ್ಲಿ ನಾನೇ ಬಡಿಸುತ್ತಿದ್ದೆ. ಆಮೇಲೆ ಕೆಳಗಿಳಿದು, ಅದೇ ನವಿಲುಗಳನ್ನು ಹುಶ್ ಹುಶ್ ಎಂದು ಓಡಿಸುವ ನಾಟಕ. ಬೇಲಿಯೇ ಎದ್ದು ಹೊಲ ಮೇಯುವುದು ಅಂದರೆ ಇದೇ.

ನಲವತ್ತೊಂದನೆಯ ದಿನ, ನವಿಲುಗಳು ನಮ್ಮ ತಾರಸಿಯಿಂದಲೇ ಇಳಿಯುವುದನ್ನು ಕಂಡು ಶಾರದಮ್ಮ ಮೆಟ್ಟಿಲು ಹತ್ತಿ ಬಂದರು. ನನ್ನ ಕೈಯಲ್ಲಿ ಅಕ್ಕಿಯ ಪಾವು.

“ಓಹೋ! ಊಟ ನಿಮ್ಮನೇಲಿ, ಎಲೆಯಡಿಕೆಗೆ ನನ್ನ ಗಿಡಾನಾ?”

“ಇನ್ನು ಏಳೇ ದಿನ ಮೇಡಂ...”

“ಗಿಡದಲ್ಲಿ ಉಳಿದಿರೋದು ಎರಡೇ ಎಲೆ.”

ಅಷ್ಟೇ ಹೇಳಿ ಇಳಿದು ಹೋದರು. ಬೈದಿದ್ದರೆ ಚೆನ್ನಾಗಿತ್ತು. ಅಷ್ಟು ನಾಚಿಕೆ ನನಗೆ ಜನ್ಮದಲ್ಲಿ ಆಗಿರಲಿಲ್ಲ.

ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡ ನನ್ನ ಹೆಂಡತಿ, ವ್ರತ ಹಿಡಿಸಿದವಳೇ, ಬೀರುವಿನಿಂದ ಹಳೆಯ ಹಸಿರು ಸೀರೆ ತೆಗೆದಳು. “ದೋಷ ಇದ್ರೆ ಇರ್ಲಿ ರೀ. ಅಕ್ಕಿ ನಿಲ್ಸಿ, ನಾಲ್ಕು ಕೋಲು ತನ್ನಿ.” ಸೀರೆ ಸುತ್ತಿ ಮುಗಿಸಿದಾಗ ಸಸಿ ಥೇಟ್ ಮದುಮಗಳಂತೆ ಧಾರೆ ಮಂಟಪದಲ್ಲಿ ಕೂತಿತ್ತು. ನವಿಲುಗಳು ನಾಲ್ಕು ದಿನ ತಾರಸಿಯಲ್ಲಿ ಕಿರುಚಾಡಿ, ನನ್ನನ್ನು ಶಪಿಸಿ, ಬರುವುದನ್ನು ಬಿಟ್ಟವು.

ಮಗಳ ಮದುವೆ ದೋಷದ ಸಮೇತ ಆಯಿತು. ಅಳಿಯ ಗಟ್ಟಿಮುಟ್ಟಾಗಿದ್ದಾನೆ. ಶಾರದಮ್ಮ ಏಳು ವರ್ಷ ಕಾದು ಮೊದಲ ಫಸಲಿನ ಹಣ್ಣು ತಿಂದು, ನೀಲಿ ನಾಲಿಗೆ ಚಾಚಿ ನನ್ನನ್ನು ಅಣಕಿಸಿ, ಅದೇ ವರ್ಷ ತೀರಿಹೋದರು.

ಈಗ ಮರದ ತುದಿಯಲ್ಲಿ ನವಿಲೊಂದು ಕೂತು ಹಣ್ಣು ಕುಕ್ಕಿ ಉದುರಿಸುತ್ತಿದೆ. ನಾನು ಹುಶ್ ಎನ್ನಲಿಲ್ಲ, ಕೈಯನ್ನೂ ಮುಗಿಯಲಿಲ್ಲ. ಬಿದ್ದದ್ದೊಂದನ್ನು ಒರೆಸಿ ಬಾಯಿಗೆ ಹಾಕಿಕೊಂಡು, ಎದುರುಮನೆಯ ಮುಚ್ಚಿದ ಬಾಗಿಲಿನತ್ತ ಒಮ್ಮೆ ನಾಲಿಗೆ ಚಾಚಿದೆ.