ವಿಮಾನಕ್ಕೆ ಎಷ್ಟು ಎಚ್‌ಪಿ?

ಮದುವೆಯಾದ ಏಳನೇ ತಿಂಗಳಲ್ಲಿ ನನ್ನ ಹೆಂಡತಿ ಮೊದಲ ಸಲ ನನ್ನನ್ನು ಒಂದು ಪ್ರಶ್ನೆ ಕೇಳಿದಳು. ಅದಕ್ಕೂ ಮುಂಚೆ ಕೇಳಿದ್ದೆಲ್ಲ ಊಟಕ್ಕೆ ಬರ್ತೀರಾ, ಬಸ್ಸು ಹೋಯ್ತಾ ಎನ್ನುವಂಥವು. ಅವನ್ನು ನಾನು ಪ್ರಶ್ನೆ ಎಂದು ಲೆಕ್ಕಕ್ಕೆ ಹಿಡಿಯುವುದಿಲ್ಲ. ಇದು ನನ್ನ ಕಸುಬಿಗೇ ಕೈಹಾಕಿದ ಪ್ರಶ್ನೆ.

"ರೀ, ಆಟದ ವಿಮಾನ ಹಾರ್ಬೇಕು ಅಂದ್ರೆ ಯಾವ ಮೋಟ್ರು ಹಾಕ್ಬೇಕು?"

ಅವಳು ಕೆ.ಆರ್. ನಗರದ ಹುಡುಗಿ, ಬಿ.ಎಸ್ಸಿ., ಬಿ.ಎಡ್. ಗಾವಡಗೆರೆ ಕಡೆಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರ್. ನಾನು ಎಸ್ಸೆಸ್ಸೆಲ್ಸಿ ಎರಡು ಸಲ ಬರೆದು, ಎರಡು ಸಲವೂ ವಿಜ್ಞಾನದಲ್ಲೇ ಮುಗ್ಗರಿಸಿ, ಹುಣಸೂರಿನಲ್ಲಿ ಮೋಟರ್ ರಿವೈಂಡಿಂಗ್ ಅಂಗಡಿ ಇಟ್ಟವನು. ಸುಟ್ಟುಹೋದ ಪಂಪ್‌ಸೆಟ್ ಮೋಟರು ಬಿಚ್ಚಿ, ಕರಕಲು ತಂತಿ ಕಿತ್ತು, ಹೊಸ ತಾಮ್ರದ ತಂತಿ ಸುತ್ತುವುದು ನನ್ನ ಕೆಲಸ. ಇಸವಿ ಎರಡು ಸಾವಿರದ ಆಸುಪಾಸು. ಕರೆಂಟು ಇದ್ದರೆ ಡಿಮ್ಮು, ಹೋದರೆ ಪತ್ತೆಯಿಲ್ಲ, ಮೋಟರುಗಳು ಸುಡುತ್ತಲೇ ಇದ್ದವು, ಹಾಗಾಗಿ ನನಗೆ ಕೆಲಸಕ್ಕೇನೂ ಬರವಿರಲಿಲ್ಲ. ಆದರೂ ನೆಂಟರ ಮನೆಯಲ್ಲಿ ಯಾರಾದರೂ ಹುಡುಗಿ ಓದಿದ್ದಾಳೆ, ಹುಡುಗ ಪರವಾಗಿಲ್ಲ ಎಂದರೆ ನನ್ನ ಕಿವಿ ಬಿಸಿಯಾಗುತ್ತಿತ್ತು. ಅವಳು ಒಂದು ದಿನವೂ ಹಾಗೆ ಆಡಿದವಳಲ್ಲ. ಅವಳ ಕಣ್ಣಿಗೆ ನಾನೂ ನಾಲ್ಕು ವಿಷಯ ಬಲ್ಲವನಾಗಿ ಕಾಣಬೇಕು ಎಂಬ ಹುಚ್ಚು ಇದ್ದದ್ದು ನನಗೇ.

ಅವಳು ಶನಿವಾರದೊಳಗೆ ವಿಮಾನ ಹಾರಿಸಿ ತೋರಿಸುತ್ತೇನೆಂದು ಕ್ಲಾಸಿಗೆಲ್ಲ ಮಾತು ಕೊಟ್ಟು ಬಂದಿದ್ದಳು. ವಿಮಾನವನ್ನು ಥರ್ಮಾಕೋಲಿನಲ್ಲಿ ಅವಳೇ ಕೊಯ್ದು ಅಂಟಿಸಿದ್ದಳು. ರೆಕ್ಕೆ ಎರಡಡಿ ಉದ್ದ, ನೋಡಲು ಬಲು ಲಕ್ಷಣವಾಗಿತ್ತು. ಮೋಟ್ರಿನ ಚಿಂತೆ ನನಗೆ ಬುಡು ಎಂದೆ. ಮಾರನೆಯ ದಿನ ಅಂಗಡಿಯಲ್ಲಿ ಶಿಳ್ಳೆ ಹೊಡೆಯುತ್ತಾ ಯಾರದೋ ಮೂರು ಎಚ್‌ಪಿಗೆ ಇನ್ನಾರದೋ ಮುಚ್ಚಳ ಹಾಕಿ ಕಳಿಸಿದೆ.

ನಮ್ಮ ಕಡೆ ಮೋಟರು ಕೊಳ್ಳಲು ಒಂದೇ ಸೂತ್ರ. ಐದು ಎಚ್‌ಪಿ ಸಾಕು ಎನ್ನುವ ಕಡೆ ಏಳೂವರೆ ಹಾಕಿಸು, ಡಿಮ್ ಕರೆಂಟಿನಲ್ಲೂ ನೀರು ಎತ್ತುತ್ತದೆ. ಎಷ್ಟೋ ರೈತರಿಗೆ ನಾನೇ ಉಪದೇಶಿಸಿದ ಸೂತ್ರ ಅದು. ವಿಮಾನಕ್ಕೂ ಅದನ್ನೇ ಹಚ್ಚಿದೆ. ಬಸ್ಸಿನ ಡ್ರೈವರ್ ಮುಂದೆ ಇರುತ್ತದಲ್ಲ ಪುಟ್ಟ ಫ್ಯಾನು, ಅಂಥದೊಂದರ ಮೋಟರು ನನ್ನ ಅಂಗಡಿಯಲ್ಲಿ ಬಿದ್ದಿತ್ತು. ಅದಕ್ಕೆ ಹೊಸ ತಂತಿ ಸುತ್ತಿ, ಫ್ಯಾನಿನ ರೆಕ್ಕೆಯ ಸಮೇತ ವಿಮಾನದ ಮೂತಿಗೆ ಕಟ್ಟಿ, ಹೊಟ್ಟೆಗೆ ಎಂಟು ಟಾರ್ಚ್ ಸೆಲ್ಲು ತುರುಕಿದೆ.

ಮಂಗಳವಾರ ಸಂಜೆ ಮನೆಯ ಹಿಂದಿನ ಕಣದಲ್ಲಿ ಸ್ವಿಚ್ ಒತ್ತಿದೆ. ಎಂಥ ಗಾಳಿ! ಹುಲ್ಲಿನ ಕಡ್ಡಿಗಳು ಚದುರಿದವು, ಕೋಳಿಗಳು ಕೂಗುತ್ತಾ ಬೇಲಿ ದಾಟಿದವು. ವಿಮಾನ ಎರಡು ಮಾರು ಮುಂದೆ ಓಡಿ, ಮೂತಿ ಊರಿ, ಮಣ್ಣು ಬಗೆಯುತ್ತಾ ನಿಂತಿತು. ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದ ನಮ್ಮವ್ವ ಕತ್ತೆತ್ತಿ ನೋಡಿದಳು.

"ಉಳೋಕೆ ಚೆಂದಾಗದೆ ಕಣ್ಲಾ" ಎಂದಳು.

ನನ್ನ ಹೆಂಡತಿ ನಗಲಿಲ್ಲ. ಎಲ್ಲವನ್ನೂ ಬಿಚ್ಚಿಕೊಂಡು ಪಕ್ಕದ ದಿನಸಿ ಅಂಗಡಿಗೆ ಹೋಗಿ ತಕ್ಕಡಿಯಲ್ಲಿಟ್ಟು ಬಂದಳು. ವಿಮಾನ ನೂರು ಗ್ರಾಮೂ ಇಲ್ಲ, ಮೋಟರು ಸೆಲ್ಲು ಸೇರಿ ಕಿಲೋ ಮೇಲೆ. ಇದು ತನ್ನನ್ನು ತಾನೇ ಹೊತ್ತುಕೊಂಡು ಹೋಗಬೇಕಲ್ವಾ ಎಂದು ಮೆಲ್ಲಗೆ ಹೇಳಿದಳು. ನನಗೆ ತಲೆಗೆ ಮೊಟಕಿದಂತಾಯಿತು. ಅಷ್ಟು ವರ್ಷ ನಾನು ಕಂಡ ಮೋಟರುಗಳೆಲ್ಲ ನೆಲಕ್ಕೆ ಬೋಲ್ಟ್ ಹಾಕಿಸಿಕೊಂಡು ಕೂತಂಥವು. ಭಾರವಿದ್ದಷ್ಟೂ ಒಳ್ಳೆಯ ಮಾಲು ಎಂದು ತಟ್ಟಿ ತೋರಿಸುತ್ತಿದ್ದೆ. ಮೋಟರನ್ನು ತೂಗಿ ನೋಡುವವನು ಗುಜರಿಯವನೊಬ್ಬನೇ ಎಂದುಕೊಂಡಿದ್ದೆ.

ಬುಧವಾರ ಬಸ್ ಸ್ಟ್ಯಾಂಡಿನ ಬಳಿ ಒಂದು ಆಟದ ಜೀಪು ಕೊಂಡು, ಅಂಗಡಿಗೆ ಬರುವಷ್ಟರಲ್ಲಿ ಅದರ ಹೊಟ್ಟೆ ಬಗೆದಿದ್ದೆ. ಒಳಗೆ ಹೆಬ್ಬೆರಳಿನ ತುದಿಯಷ್ಟು ಮೋಟರು. ಅಂಗೈಯಲ್ಲಿಟ್ಟರೆ ಇದೆಯೋ ಇಲ್ಲವೋ ಗೊತ್ತಾಗದು. ಆದರೆ ಅದನ್ನು ತಿರುಗಿಸುವ ಸೆಲ್ಲುಗಳ ಭಾರ ಹಾಗೇ ಉಳಿಯಿತು. ಸಂಜೆ ಗಂಡ ಹೆಂಡತಿ ಇಬ್ಬರೂ ಜಗಲಿಯಲ್ಲಿ ವಿಮಾನವನ್ನು ನಡುವೆ ಇಟ್ಟುಕೊಂಡು ಸಪ್ಪೆ ಮುಖ ಹಾಕಿ ಕೂತಿದ್ದೆವು. ಅವ್ವನಿಗೆ ನೋಡಿ ನೋಡಿ ಸಾಕಾಯಿತು.

"ಬೋರಿಗೆ ಮೋಟ್ರು ಇಳೀ ಬುಡ್ತೀಯಲ್ಲ, ಕರೆಂಟು ಕಂಬನೂ ಒಳೀಕೆ ಬುಡ್ತೀಯೇನ್ಲಾ? ಬ್ಯಾಟ್ರಿ ನೆಲದ್ ಮ್ಯಾಲೇ ಇರ್ಲಿ. ಇದ್ನ ಮೇಟಿಗೆ ಕಟ್ಟು, ಒಕ್ಕಣೆ ಎತ್ತಿನಂಗೆ ಸುತ್ಕೊಂಡು ಬಿದ್ದಿರ್ಲಿ."

ಮೇಟಿ ಎಂದರೆ ಕಣದ ನಡುವೆ ನೆಡುವ ಕಂಬ. ತೆನೆ ತುಳಿಯುವ ಎತ್ತುಗಳನ್ನು ಅದಕ್ಕೆ ಕಟ್ಟಿ ಸುತ್ತ ಹೊಡೆಯುತ್ತಿದ್ದರು. ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿದೆವು. ಕಂಬದಿಂದ ವಿಮಾನಕ್ಕೆ ಎರಡು ಸಣ್ಣ ತಂತಿ ಬಿಟ್ಟರಾಯಿತು! ಖುಷಿ ತಡೆಯಲಾರದೆ ನಾನು ಅವ್ವನ ಮಡಿಲಿನ ಅವರೆಕಾಳು ಬಾಚಿ ಹಸಿಹಸಿಯೇ ತಿಂದುಬಿಟ್ಟೆ.

ಇನ್ನು ಉಳಿದದ್ದು ನನ್ನ ವಿದ್ಯೆ. ಟಾರ್ಚ್ ಸೆಲ್ಲು ಬೇಗ ಸೊರಗುತ್ತವೆಂದು ನೆಲದ ಮೇಲಿಡಲು ಒಂದು ಟ್ರಾಕ್ಟರ್ ಬ್ಯಾಟರಿ ತಂದೆ. ಆಟಿಕೆಯ ಮೋಟರಿಗೆ ಮೂರು ವೋಲ್ಟ್ ಸಾಕು, ಬ್ಯಾಟರಿಯ ಹನ್ನೆರಡು ಕೊಟ್ಟರೆ ಸುಟ್ಟು ಕರಕಲು. ಅದರ ದಪ್ಪ ತಂತಿ ಕಿತ್ತು, ಕೂದಲಿನಂಥ ತಂತಿಯಲ್ಲಿ ಸುತ್ತು ಹೆಚ್ಚಿಸಿದರೆ ತಾಳಿಕೊಳ್ಳುತ್ತದೆ. ನನ್ನ ಬೆರಳುಗಳು ಬೆಂಡೆಕಾಯಿ ಗಾತ್ರದವು. ಮೂರು ಸಲ ತಂತಿ ಹರಿಯಿತು, ಮೂರು ಸಲವೂ ಬಾಯಿಗೆ ಬಂದಂತೆ ಬೈದೆ, ನಾಲ್ಕನೆಯದು ನಿಂತಿತು. ಅದರ ತುದಿಗೆ ತೆಳು ತಗಡಿನ ಪುಟ್ಟ ಫ್ಯಾನು ಸಿಕ್ಕಿಸಿದೆ. ತಂತಿ ಕಂಬಕ್ಕೆ ಸುತ್ತಿಕೊಳ್ಳದಿರಲೆಂದು ಯಾವ ಕಂಬದ ತಲೆಗಾದರೂ ಕೂರುವಂತೆ ಎರಡು ತಾಮ್ರದ ಉಂಗುರ ಮಾಡಿ, ಅವುಗಳ ಮೇಲೆ ಜಾರುತ್ತಲೇ ಕರೆಂಟು ದಾಟಿಸುವಂತೆ ಮಿಕ್ಸಿಯ ಕಾರ್ಬನ್ ತುಂಡು ಕೂರಿಸಿದೆ.

ಶನಿವಾರ ಬೆಳಿಗ್ಗೆ ಸ್ಕೂಲಿನ ಮೈದಾನದಲ್ಲಿ ವಾಲಿಬಾಲ್ ಕಂಬವೇ ಮೇಟಿಯಾಯಿತು. ಸುತ್ತ ಇಡೀ ಸ್ಕೂಲು. ಸ್ವಿಚ್ ಒತ್ತಿದೆ. ಮೊದಲ ಸುತ್ತಿನಲ್ಲಿ ವಿಮಾನ ನೆಲ ಸವರಿಕೊಂಡು ಓಡಿತು. ಎರಡನೆಯದರಲ್ಲಿ ಕುಪ್ಪಳಿಸಿತು. ಮೂರನೆಯದರಲ್ಲಿ ನೆಲ ಬಿಟ್ಟಿತು, ಬಿಟ್ಟೇ ಬಿಟ್ಟಿತು, ನನ್ನ ಎದೆಯ ಎತ್ತರಕ್ಕೆ ಏರಿ ಗುಂಯ್ ಎಂದು ಸುತ್ತತೊಡಗಿತು. ಮಕ್ಕಳು ಅದರ ಹಿಂದೆ ಓಡಿದರು, ಮಕ್ಕಳ ಹಿಂದೆ ನಾನು ಓಡಿದೆ. ಎಷ್ಟು ಸುತ್ತು ಓಡಿದೆನೋ, ತಲೆ ತಿರುಗಿ ದೊಪ್ಪನೆ ಕೂತೆ. ಆಕಾಶ, ಸ್ಕೂಲು, ಹೆಡ್‌ಮಾಸ್ಟರು ಎಲ್ಲ ಗಿರಗಿರ ಸುತ್ತುತ್ತಿದ್ದರೆ ನಾನು ಬಿದ್ದು ಬಿದ್ದು ನಗುತ್ತಿದ್ದೆ.

ಕ್ಲಾಸಿಗೆ ಮರಳಿದಾಗ ಒಬ್ಬಳು ಹುಡುಗಿ ಎದ್ದು, ಇಷ್ಟು ಚಿಕ್ಕ ಮೋಟರೇ ಯಾಕೆ ಎಂದು ಟೀಚರನ್ನು ಕೇಳಿದಳು. ಬಾಗಿಲಲ್ಲಿ ಪ್ಯಾಂಟಿನ ಧೂಳು ಕೊಡವುತ್ತಿದ್ದ ನನ್ನ ಕೈಗೆ ನನ್ನ ಹೆಂಡತಿ ಸೀಮೆಸುಣ್ಣ ಕೊಟ್ಟಳು.

"ನೀವೇ ಹೇಳಿ. ನಂಗೆ ಅಷ್ಟು ಚೆನ್ನಾಗಿ ಬರಲ್ಲ."

ಎಸ್ಸೆಸ್ಸೆಲ್ಸಿ ಫೇಲಾದವನು ಹತ್ತನೇ ಕ್ಲಾಸಿನ ಬೋರ್ಡಿನ ಮುಂದೆ ನಿಂತೆ. ಮೊದಲು ನಾನು ತಂದದ್ದು ತಪ್ಪು ಮೋಟರು ಎಂದು ಒಪ್ಪಿಕೊಂಡೆ, ಮಕ್ಕಳು ನಕ್ಕರು, ನನಗೂ ಧೈರ್ಯ ಬಂತು. ತಕ್ಕಡಿ ಬರೆದೆ, ಸುತ್ತುಗಳ ಲೆಕ್ಕ ಬರೆದೆ, ಬೋರ್ಡು ಸಾಲದೆ ಗೋಡೆಯ ಮೇಲೂ ಒಂದಿಷ್ಟು ಗೀಚಿದೆ. ಅರ್ಧ ಗಂಟೆಯಾದ ಮೇಲೆ ಸಾಕೇನೋ ಎಂದು ಕೇಳಲು ಅವಳಿಗಾಗಿ ತಿರುಗಿ ನೋಡಿದೆ. ಹಿಂದಿನ ಬೆಂಚಿನಲ್ಲಿ ಹೆಣ್ಣುಮಕ್ಕಳ ಪಕ್ಕ ಒತ್ತಿಕೊಂಡು ಕೂತು, ಯಾರದೋ ನೋಟ್‌ಬುಕ್ಕಿನಲ್ಲಿ ನಾನು ಹೇಳಿದ್ದನ್ನೆಲ್ಲ ತಲೆ ತಗ್ಗಿಸಿ ಬರೆದುಕೊಳ್ಳುತ್ತಿದ್ದಳು.