ಹೊಳೆದಡದ ಮರದ ಮನೆ

ಅದು ೧೯೮೬ರ ಮಾಘ ಮಾಸ. ಆಗ ನಾನು ಮಲಾಡ್‌ನಲ್ಲಿ ಅಕ್ಕ-ಭಾವನ ಜೊತೆ ಒಂದೇ ಕೋಣೆಯ ಬಾಡಿಗೆ ಮನೆಯಲ್ಲಿದ್ದೆ. ಮೈಸೂರಿನವರಾದ ಭಾವನಿಗೆ ಬಿಲ್ಡಿಂಗ್‌ನ ಫ್ಲ್ಯಾಟ್ ಬೇಡವಾಗಿತ್ತು. ವರ್ಷಗಟ್ಟಲೆ ಹುಡುಕಿ, ಕೊನೆಗೆ ದಹಿಸರ್‌ನಲ್ಲಿ ಹೊಳೆಯ ಪಕ್ಕದ ಹಳೆಯ ಮರದ ಮನೆಯೊಂದನ್ನು ಕೊಂಡರು.

ಸಾಗುವಾನಿ ಕಂಬಗಳು, ಅಗಲವಾದ ವರಾಂಡ, ಹೆಂಚಿನ ಮಾಡು. ಮಳೆಗಾಲದಲ್ಲಿ ಹೊಳೆ ಉಕ್ಕುತ್ತದೆಂದು ನೆಲವನ್ನೂ ಹಲಗೆಯಿಂದಲೇ, ಕಲ್ಲಿನ ಮೋಟುಗಂಬಗಳ ಮೇಲೆ ಎತ್ತರಿಸಿ ಮಾಡಿದ್ದರು. ಅಡುಗೆಮನೆ ಮಾತ್ರ ಹಿತ್ತಲಲ್ಲಿ ಬೇರೆಯಾಗಿತ್ತು. ಮಾರಿದವರು ಪೀಟರ್ ಎಂಬ ಹಿರಿಯರು. ಮನೆ ಅವರ ಅಜ್ಜ ಕಟ್ಟಿಸಿದ್ದು. ಬಿಲ್ಡರ್ ಒಬ್ಬ ಹೆಚ್ಚು ಕೊಡುತ್ತೇನೆಂದರೂ ಒಪ್ಪದೆ, ಮನೆ ಒಡೆಯುವುದಿಲ್ಲ ಎಂಬ ಭಾವನ ಮಾತನ್ನು ನಂಬಿ ಕೊಟ್ಟಿದ್ದರು.

ಗೃಹಪ್ರವೇಶಕ್ಕೆ ಭಾವನ ತಾಯಿ ಮೈಸೂರಿನಿಂದ ಬಂದರು. ಮೀನು ತಿಂದವರ ಮನೆ, ದೊಡ್ಡ ಹೋಮವೇ ಆಗಬೇಕು ಎಂದರು. ಅಂಗಳದಲ್ಲಿ ಮಾಡೋಣವೇ ಎಂದು ಪುರೋಹಿತರು ಕೇಳಿದ್ದು ನಿಜ. ಭಾವನ ತಾಯಿ ಒಪ್ಪಲಿಲ್ಲ, ಶುದ್ಧಿಯಾಗಬೇಕಾದದ್ದು ಒಳಗೆ ಎಂದರು. ಹಿತ್ತಲ ಅಡುಗೆಮನೆ ನೋಡಿ, "ವಾಸನೆ ತಡೀಲಾರ್ದೆ ಪಾಪ ಅವರೇ ಒಲೆ ಆಚೆಗೆ ಹಾಕ್ಕೊಂಡಿದಾರೆ" ಎಂದು ನಕ್ಕರು. ನಾವೂ ನಕ್ಕೆವು. ನಡುಮನೆಯ ಹಲಗೆಯ ಮೇಲೆ ಮರಳು ಹರಡಿ, ಇಟ್ಟಿಗೆ ಜೋಡಿಸಿ ಹೋಮಕುಂಡ ಮಾಡಿದರು.

ಹೋಮ ಮುಗಿದು ಎಲ್ಲರೂ ಅಂಗಳದಲ್ಲಿ ಊಟಕ್ಕೆ ಕುಳಿತೆವು. ಒಳಗಿನಿಂದ ಹೊಗೆ ಬರುತ್ತಲೇ ಇತ್ತು. ಕಿಟಕಿ ತೆರೆದು ಬರುತ್ತೇನೆಂದು ಅಕ್ಕ ಎದ್ದಳು. ಅವಳ ಅತ್ತೆ ತಡೆದರು. "ಹೋಮದ ಹೊಗೆ ಕಣೆ. ಮನೇಲಿ ನಿಂತಷ್ಟೂ ಒಳ್ಳೇದು." ಅಕ್ಕ ಕುಳಿತಳು.

ಪೀಟರ್ ಅಂಕಲ್ ಬಂದದ್ದು ಆಗ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಕೈಯಲ್ಲಿ ಅಕ್ಕನಿಗೆಂದು ತಂದ ಕೇಕು. ಅವರ ಎಲೆಯನ್ನು ನಮ್ಮ ಸಾಲಿನಿಂದ ತುಸು ದೂರದಲ್ಲಿ ಹಾಕಿದ್ದರು. ಅವರು ಕೂರಲಿಲ್ಲ. ಹೊಗೆಯನ್ನೇ ನೋಡುತ್ತ ಭಾವನನ್ನು ಕೇಳಿದರು: "ಅಂದರ್ ಆಗ್ ಜಲಾಯಾ ಕ್ಯಾ?"

ಹೌದು, ಒಳಗೆ ಹಾಕಿದ್ದು ಪೂಜೆಯ ಬೆಂಕಿ ಎಂದರು ಭಾವ.

ಅವರು ಚಪ್ಪಲಿ ಕಳಚಿಟ್ಟು ಒಳಗೆ ನಡೆದರು. ನಾನೂ ಹಿಂದೆಯೇ ಹೋದೆ. ಕುಂಡದಲ್ಲಿ ಬರೀ ಬೂದಿ. ಹೊಗೆ ಅಲ್ಲಿಂದ ಬರುತ್ತಿರಲಿಲ್ಲ. ಹಲಗೆಗಳ ಸಂದಿನಿಂದ, ಗೋಡೆಯ ಬುಡದಿಂದ ಏಳುತ್ತಿತ್ತು. ಅವರು ಮಂಡಿಯೂರಿ ನೆಲಕ್ಕೆ ಅಂಗೈ ಇಟ್ಟು, ಥಟ್ಟನೆ ಎಳೆದುಕೊಂಡರು.

"ನೀಚೇ ಜಲ್ ರಹಾ ಹೈ. ಸಬ್‌ಕೋ ದೂರ್ ಲೇ ಜಾ, ಬೇಟಾ." ಕೆಳಗೆ ಉರಿಯುತ್ತಿದೆ, ಎಲ್ಲರನ್ನೂ ದೂರ ಕರೆದುಕೊಂಡು ಹೋಗು ಎಂದರು.

ಮರಳಿನ ಕೆಳಗೆ ಹಲಗೆ ಕಾದು, ಕೆಂಡ ಸಂದಿನಿಂದ ನೆಲದಡಿಗೆ ಇಳಿದಿರಬೇಕು. ನಾವು ಹೊರಬರುವಷ್ಟರಲ್ಲಿ ಗೋಡೆಗುಂಟ ಬೆಂಕಿ ಮೇಲೇರಿತ್ತು. ಬಾವಿಯಿಂದ ಬಕೆಟ್ಟುಗಳಲ್ಲಿ ನೀರು ಹೊತ್ತೆವು. ಹೊಳೆಯಲ್ಲಿ ನೀರೇ ಇರಲಿಲ್ಲ. ಆ ಕಿರಿದಾದ ಗಲ್ಲಿಯಲ್ಲಿ ಫೈರ್ ಬ್ರಿಗೇಡ್‌ನ ಗಾಡಿ ಬರುವಷ್ಟರಲ್ಲಿ ಮಾಡು ಕುಸಿಯಿತು. ಯಾರಿಗೂ ಗಾಯವಾಗಲಿಲ್ಲ. ಅರ್ಧ ಉಂಡ ಎಲೆಗಳ ಮೇಲೆ ಬೂದಿ ಬೀಳುತ್ತಿತ್ತು.

ಭಾವ ಕೈಮುಗಿದು ಪೀಟರ್ ಅಂಕಲ್ ಮುಂದೆ ನಿಂತರು. ಅವರು ಬೈಯಲಿಲ್ಲ. ಮರದ ಮನೆಯೆಂದೇ ಅಜ್ಜ ಒಲೆಯನ್ನು ಹೊರಗಿಟ್ಟರು, ಒಳಗೆ ಚಹಾ ಕೂಡ ಕಾಯಿಸಿದವರಲ್ಲ ನಾವು ಎಂದರು. ಯಾರನ್ನೂ ನೋಡದೆ, ಹಿಂದಿಯಲ್ಲಿ ಇನ್ನೊಂದು ಮಾತು ಹೇಳಿದರು: ಬಿಲ್ಡರ್ ಆಗಿದ್ದರೆ ಒಡೆಯುವ ಮುಂಚೆ ಬಾಗಿಲು ಕಿಟಕಿಗಳನ್ನಾದರೂ ನಮಗೆ ಬಿಚ್ಚಿ ಕೊಡುತ್ತಿದ್ದ.

ಆ ಜಾಗ ಕೊನೆಗೆ ಬಿಲ್ಡರ್‌ಗೇ ಹೋಯಿತು. ಅಕ್ಕ-ಭಾವ ಮುಲುಂಡ್‌ನಲ್ಲಿ ಮೂರನೇ ಮಹಡಿಯ ಫ್ಲ್ಯಾಟ್ ಕೊಂಡರು. ಪೀಟರ್ ಅಂಕಲ್ ಮತ್ತೆ ನಮ್ಮೆದುರು ಬರಲಿಲ್ಲ.

ಆ ಮನೆಯಲ್ಲಿ ಏನೋ ದೋಷವಿತ್ತು, ಅಗ್ನಿಯೇ ಅದನ್ನು ತೀರಿಸಿದ ಎಂದು ನಮ್ಮ ಬಳಗದಲ್ಲಿ ಇಂದಿಗೂ ಹೇಳುತ್ತಾರೆ. ಆ ಬಿಸಿ ಹಲಗೆಯ ಮೇಲೆ ಬರಿಗಾಲಲ್ಲಿ ನಿಂತು ನೋಡಿದವನು ನಾನು. ಆ ಮನೆಗೆ ಯಾವ ದೋಷವೂ ಇರಲಿಲ್ಲ.